ಫಾರಂ ಮಾಮ ಮತ್ತು ನನ್ನ ಹತ್ತನೇ ಕ್ಲಾಸು

ಅವರ ಬೆರಳ ತುದಿಯಲ್ಲಿ ಯಾವಾಗಲೂ ಒಣಗಿದ ಗೋಂದು ಇರುತ್ತಿತ್ತು. ಮಾತಾಡುತ್ತ ಅದನ್ನು ಸಿಪ್ಪೆಯಂತೆ ಸುಲಿದು ಲುಂಗಿಗೆ ಒರೆಸಿಕೊಳ್ಳುತ್ತಿದ್ದರು. ಅರ್ಜಿಗಳೆಲ್ಲ ಆನ್‌ಲೈನ್ ಆಗಿ ಎಷ್ಟೋ ವರ್ಷವಾಗಿದ್ದರೂ ಅವರು ಮೊದಲು ಇಡೀ ಫಾರಂ ಪ್ರಿಂಟ್ ತೆಗೆದು, ಪೆನ್ಸಿಲಿನಲ್ಲಿ ತುಂಬಿ, ಫೋಟೋ ಅಂಟಿಸಿ, ಆಮೇಲಷ್ಟೇ ಕಂಪ್ಯೂಟರ್ ಮುಟ್ಟುತ್ತಿದ್ದರು. "ಮುಖ ಕಾಣದೆ ಫಾರಂ ತುಂಬ್ಲಿಕ್ಕೆ ನಂಗೆ ಆಗುದಿಲ್ಲ ಮಾರಾಯ್ತಿ" ಎನ್ನುತ್ತಿದ್ದರು.

ಮುಂಬಯಿಯ ಆಂಟಾಪ್ ಹಿಲ್‌ನ ನಮ್ಮ ಬಿಲ್ಡಿಂಗಿನಲ್ಲಿ ಅವರದು ನಮ್ಮ ಎದುರಿನ ಬಾಗಿಲು. ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಓದಿ, ಕಾಲೇಜೊಂದರ ಆಫೀಸಿನಲ್ಲಿ ಹೆಡ್ ಕ್ಲರ್ಕ್ ಆಗಿ ರಿಟೈರ್ ಆದವರು. ಆ ಕಥೆಯನ್ನು ಕೇಳದವರಿಗೂ ಹೇಳುತ್ತಿದ್ದರು. ಬಿಲ್ಡಿಂಗಿನಲ್ಲಿ ಯಾರ ಮಕ್ಕಳ ಹನ್ನೆರಡನೇ ಮುಗಿದರೂ ಮೆರವಣಿಗೆ ಅವರ ಮನೆಗೇ. ಒಂದು ಚಹಾಕ್ಕಿಂತ ಹೆಚ್ಚು ಯಾರಿಂದಲೂ ತೆಗೆದುಕೊಂಡವರಲ್ಲ. ಮಕ್ಕಳಿಗೆಲ್ಲ ಅವರು ಫಾರಂ ಮಾಮ.

ನನಗೆ ಅವರು ಅದಕ್ಕಿಂತ ಹೆಚ್ಚು. ನಮ್ಮದು ಒಂದೇ ಕೋಣೆಯ ಮನೆ. ಅಪ್ಪ, ಅಮ್ಮ, ಅಜ್ಜಿ, ಕುಕ್ಕರು, ಧಾರಾವಾಹಿ ಎಲ್ಲ ಅಲ್ಲೇ. ಮಾಮ ತಮ್ಮ ಕಿಟಕಿ ಪಕ್ಕದ ಮೇಜನ್ನು ನನಗೆ ಬಿಟ್ಟುಕೊಟ್ಟಿದ್ದರು. ನಾನು ಓದುವಷ್ಟು ಹೊತ್ತು ಕ್ರಿಕೆಟನ್ನೂ ಸೌಂಡ್ ಬಂದ್ ಮಾಡಿ ನೋಡುತ್ತಿದ್ದರು. ವಿಕೆಟ್ ಬಿದ್ದರೆ ಬಾಯಿಗೆ ಟವೆಲ್ ಒತ್ತಿಕೊಂಡು ಕುಣಿಯುತ್ತಿದ್ದರು. ಐದನೇ ಕ್ಲಾಸಿನಿಂದಲೇ ನನ್ನನ್ನು ಕರೆಯುತ್ತಿದ್ದದ್ದು "ಡಾಕ್ಟ್ರೇ" ಎಂದು. ನಾನೂ ನಂಬಿಬಿಟ್ಟೆ.

ನಾನು ಒಂಬತ್ತನೇ ಕ್ಲಾಸು ಮುಗಿಸುವಾಗ ಲಾಕ್‌ಡೌನ್ ಬಂತು. ಅಪ್ಪ ಕ್ಯಾಶಿಯರ್ ಆಗಿದ್ದ ಮಾಟುಂಗದ ಹೋಟೆಲ್ ಮುಚ್ಚಿತು. ಉಡುಪಿ ಕಡೆಯ ಊರಿಗೆ ಹೋದೆವು. ಮುಂಬಯಿಯ ಶಾಲೆ ಮೊಬೈಲಿನಲ್ಲಿ ನಡೆಯುತ್ತಿತ್ತು, ಅದರಲ್ಲೇ ಮುಂದುವರಿಯಬಹುದಿತ್ತು. ಅಪ್ಪ ಮಾಮನಿಗೆ ಫೋನ್ ಮಾಡಿ ಕೇಳಿದರು. ಮಾಮನಿಗೆ ಯೋಚಿಸಲು ಒಂದು ನಿಮಿಷವೂ ಬೇಕಾಗಲಿಲ್ಲ.

"ಹತ್ತನೇ ಅಲ್ಲೇ ಮಾಡಿಸಿ. ಹೆರಿಗೆಗೆ ತಾಯಿ ಊರಿಗೆ ಹೋದದ್ದಲ್ವಾ, ಬರ್ತ್ ಸರ್ಟಿಫಿಕೇಟ್ ಆ ಕಡೆದೇ ಉಂಟು. ಹತ್ತನೇದೂ ಅಲ್ಲಿದಾದ್ರೆ ಅವ್ರು ನಮ್ಮ ಹುಡುಗಿ ಅಂತಾರೆ. ಹನ್ನೆರಡು ಬೊಂಬಾಯಿದಾದ್ರೆ ಇವ್ರೂ ನಮ್ಮವಳು ಅಂತಾರೆ. ಎರಡು ಕೋಟಾ! ಟೆನ್ಶನ್ ಎಂತದಕ್ಕೆ?"

ಸ್ಪೀಕರಿನಲ್ಲಿ ಕೇಳಿಸಿಕೊಂಡು ನಾವೆಲ್ಲ ಹಿಗ್ಗಿ ಹೀರೇಕಾಯಿಯಾದೆವು. ನನ್ನನ್ನು ಊರಿನ ಹೈಸ್ಕೂಲಿಗೆ ಸೇರಿಸಿದರು.

ಮತ್ತೆ ಮುಂಬಯಿಗೆ ಬಂದು ಹನ್ನೊಂದು, ಹನ್ನೆರಡು ಮುಗಿಸಿದೆ. ನೀಟ್ ಬರೆದೆ. ಬಂದ ಅಂಕಕ್ಕೆ ಮಹಾರಾಷ್ಟ್ರದ ಕೋಟಾದಲ್ಲಿ ಸರಕಾರಿ ಸೀಟು ಖಂಡಿತ ಎಂದು ಮಾಮ ಹಳೆಯ ಪಟ್ಟಿಗಳನ್ನೆಲ್ಲ ಹರಡಿ ತೋರಿಸಿದರು. ಮಾಮಿ ಶೀರಾ ಮಾಡಿ ಹಂಚಿದರು. ದಾಖಲೆ ತಪಾಸಣೆಗೆ ಮಾಮನೇ ಇಸ್ತ್ರಿ ಶರ್ಟು ಹಾಕಿಕೊಂಡು ಜೊತೆಗೆ ಬಂದರು. ಕೌಂಟರಿನ ಹೆಂಗಸು ಕಾಗದ ಮಗುಚುತ್ತ ಒಂದರ ಮೇಲೆ ಕಣ್ಣು ನಿಲ್ಲಿಸಿದಳು.

"ದಹಾವೀ ಕುಠೂನ್?" ಹತ್ತನೇ ಎಲ್ಲಿಂದ?

"ಗಾವಾಕಡೂನ್," ಊರ ಕಡೆಯಿಂದ, ಎಂದರು ಮಾಮ, ಹೆಮ್ಮೆಯಿಂದಲೇ.

"ಮಗ್ ನಾಹೀ ಹೋಣಾರ್." ಹಾಗಾದರೆ ಆಗುವುದಿಲ್ಲ. ಹತ್ತು, ಹನ್ನೆರಡು ಎರಡೂ ಈ ರಾಜ್ಯದ್ದೇ ಆಗಿರಬೇಕು ಎಂದು ಮುದ್ರಿಸಿದ ಸಾಲಿನ ಮೇಲೆ ಬೆರಳಿಟ್ಟಳು. ಮಾಮ ಕನ್ನಡಕ ಹಾಕಿ ಓದಿದರು, ತೆಗೆದು ಒರೆಸಿ ಇನ್ನೊಮ್ಮೆ ಓದಿದರು. ಹಿಂದಿನವರು ತಳ್ಳಿದಾಗ ಪಕ್ಕಕ್ಕೆ ಸರಿದೆವು.

ಕರ್ನಾಟಕಕ್ಕೆ ಅರ್ಜಿ ಹಾಕಲು ಹೋದರೆ ಅಲ್ಲಿ ಒಂದು ವರ್ಷ ಸಾಲದು, ಏಳು ವರ್ಷ ಓದಿರಬೇಕಂತೆ. ಅಖಿಲ ಭಾರತ ಕೋಟಾದಲ್ಲಿ ನನ್ನ ಅಂಕಕ್ಕೆ ಸಿಗಲಿಲ್ಲ. ಮ್ಯಾನೇಜ್‌ಮೆಂಟ್ ಸೀಟಿನ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಎತ್ತಲೇ ಇಲ್ಲ. ನನಗಿಂತ ಕಡಿಮೆ ಅಂಕದವರು ಬಿಳಿ ಕೋಟು ಹೊಲಿಸಿಕೊಂಡರು.

ಅವತ್ತು ಕೌಂಟರಿನಿಂದ ವಾಪಸ್ ಬರುವಾಗ ಲೋಕಲ್‌ನಲ್ಲಿ ಮಾಮ ಆಡಿದ್ದು ಒಂದೇ ಮಾತು: "ರೂಲ್ ಚೇಂಜ್ ಮಾಡಿದ್ದಾರೆ, ಈ ವರ್ಷ." ಮನೆಗೆ ಬಂದು ನಾನು ಹಳೆಯ ವರ್ಷಗಳ ಪ್ರವೇಶ ಮಾಹಿತಿ ಪುಸ್ತಕಗಳನ್ನೆಲ್ಲ ತೆರೆದು ನೋಡಿದೆ. ಆ ಸಾಲು ಎಲ್ಲದರಲ್ಲೂ ಇತ್ತು. ಅವರು ಅಷ್ಟು ವರ್ಷ ಅದನ್ನು ಓದಿರಲೇ ಇಲ್ಲ; ನಮ್ಮ ಬಿಲ್ಡಿಂಗಿನ ಯಾವ ಮಗುವೂ ಹತ್ತನೇ ಹೊರಗೆ ಮಾಡಿರಲಿಲ್ಲವಾದ್ದರಿಂದ ಓದುವ ಅಗತ್ಯವೇ ಬಿದ್ದಿರಲಿಲ್ಲ. ಸೀಟು ತಪ್ಪಿದ್ದಕ್ಕಿಂತ ಆ ಸುಳ್ಳಿಗೆ ನನ್ನ ಮೈ ಉರಿಯಿತು. ಮಾಮನ ಮೇಜಿನ ಮೇಲಿದ್ದ ನನ್ನ ಪುಸ್ತಕಗಳನ್ನು ಎತ್ತಿಕೊಂಡು ಬಂದೆ. ಮತ್ತೆ ಆ ಮನೆಗೆ ಓದಲು ಹೋಗಲಿಲ್ಲ.

ಲ್ಯಾಬ್ ಟೆಕ್ನಿಶಿಯನ್ ಡಿಪ್ಲೊಮಾ ಮಾಡಿದೆ. ಈಗ ಸಾಂತಾಕ್ರೂಜ್‌ನ ಲ್ಯಾಬೊಂದರಲ್ಲಿ ಜನರ ರಕ್ತ ತೆಗೆಯುತ್ತೇನೆ. ಡಾಕ್ಟರು ಬರೆದ ಚೀಟಿ ಓದುವುದು ನನ್ನ ಕೆಲಸ, ಬರೆಯುವುದಲ್ಲ.

ಮಾಮನ ಕಿಡ್ನಿ ಕೆಟ್ಟಾಗ ಮನೆಗೆ ಹೋಗಿ ರಕ್ತ ತೆಗೆಯುವುದೂ ನನ್ನ ಪಾಲಿಗೇ ಬಂತು. ಅಮ್ಮ ಹೇಳಿದ್ದರಿಂದ ಹೋದೆ. ಅವರು ಕೈ ಚಾಚಿ ಗೋಡೆ ಕಡೆ ಮುಖ ಮಾಡುತ್ತಿದ್ದರು. "ಡಾಕ್ಟ್ರೇ" ಎನ್ನುವುದನ್ನು ಯಾವತ್ತೋ ಬಿಟ್ಟಿದ್ದರು. ಬೆರಳುಗಳಲ್ಲಿ ಗೋಂದು ಮಾತ್ರ ಇನ್ನೂ ಇತ್ತು. ಫಾರಂ ಹಿಡಿದು ಮಕ್ಕಳು ಬರುವುದು ನಿಂತಿರಲಿಲ್ಲ. ಒಂದು ದಿನ ಸೂಜಿ ಒಳಗಿರುವಾಗಲೇ "ಮಗಾ, ಆ ರೂಲು..." ಎಂದು ಶುರು ಮಾಡಿದರು.

"ಕೈ ಅಲ್ಲಾಡಿಸ್ಬೇಡಿ" ಎಂದೆ.

ಮುಖವನ್ನು ಗೋಡೆ ಕಡೆಗೆ ತಿರುಗಿಸಿಕೊಂಡರು. ಮತ್ತೆಂದೂ ಆ ಮಾತು ತೆಗೆಯಲಿಲ್ಲ. ಮರುವರ್ಷ ಮಳೆಗಾಲಕ್ಕೆ ಮೊದಲೇ ಹೋಗಿಬಿಟ್ಟರು.

ಉತ್ತರಕ್ರಿಯೆಯ ಊಟ ಮಾಟುಂಗದ ಹಾಲ್ ಒಂದರಲ್ಲಿತ್ತು. ನನ್ನ ಪಕ್ಕದ ಎಲೆಗೆ ನಮ್ಮ ಮೂರನೇ ಮಹಡಿಯ ಹುಡುಗಿ ಬಂದು ಕೂತಳು, ಮೊದಲ ವರ್ಷದ ಎಂಬಿಬಿಎಸ್. ಅವಳ ಫಾರಂ ತುಂಬಿದವರೂ ಮಾಮನೇ. ಅತ್ತು ಅತ್ತು ಅವಳ ಮೂಗು ಕೆಂಪಾಗಿತ್ತು.

"ಅಕ್ಕಾ, ಮಾಮ ಫಾರಂ ತೆಗೆಯೋ ಮೊದ್ಲು ಸಬ್ ಕೋ ಒಂದು ಸ್ಟೋರಿ ಹೇಳ್ತಿದ್ರು. ಯಾರೋ ಹುಡುಗಿ, ಬಹುತ್ ಹುಶಾರ್ ಅಂತೆ. ರೂಲ್ ಪಹಲೇ ಸೇ, ಮೊದ್ಲಿಂದ್ಲೂ ಇತ್ತು, ನಾನೇ ಓದಿಲ್ಲ, ಅವಳ ಸೀಟ್ ನಾನೇ ತಿಂದೆ, ಅಂತ ರೋ ದೇತೇ ಥೇ, ಅತ್ತೇ ಬಿಡ್ತಿದ್ರು. ಆಮೇಲೆ ನಮ್ಮತ್ರ ಆ ರೂಲ್ ಜೋರಾಗಿ ಓದಿಸ್ತಿದ್ರು. ಅವಳಿಗೆ ಸಾರಿ ಹೇಳಿದ್ರಾ ಅಂತ ನಾನು ಕೇಳಿದ್ದೆ. ಒಂದ್ಸಲ ಹೇಳ್ಲಿಕ್ಕೆ ಹೋದೆ, ಅವಳಿಗೆ ಕೇಳ್ಲಿಕ್ಕೆ ಮನಸ್ಸಿಲ್ಲ ಅಂದ್ರು." ಅವಳು ಮೂಗೊರೆಸಿಕೊಂಡಳು. "ಯಾರಕ್ಕ ಅವಳು? ನಮ್ ಬಿಲ್ಡಿಂಗಾ?"

"ಗೊತ್ತಿಲ್ಲ" ಎಂದೆ.

ಎಲೆಗೆ ಪಾಯಸ ಬಿತ್ತು. ಅಷ್ಟೂ ವರ್ಷ ಅವರು ಬಿಲ್ಡಿಂಗಿನ ಎಲ್ಲ ಮಹಡಿಯ ಮಕ್ಕಳ ಮುಂದೆ ತಪ್ಪೊಪ್ಪಿಕೊಂಡಿದ್ದರು. ನನ್ನ ಬಾಗಿಲು ಅವರ ಬಾಗಿಲಿನಿಂದ ನಾಲ್ಕು ಹೆಜ್ಜೆ ದೂರದಲ್ಲಿತ್ತು.