ದೊಡ್ಡಮ್ಮ ತಿನ್ನದ ಬದನೆಕಾಯಿ

ಇವತ್ತು ಬೆಳಿಗ್ಗೆ ಬದನೆಕಾಯಿ ಹೆಚ್ಚುತ್ತಿದ್ದಾಗ ಒಳಗಿನಿಂದ ಹುಳವೊಂದು ತಲೆಯೆತ್ತಿ ನನ್ನನ್ನೇ ನೋಡಿತು. ಅಡುಗೆಮನೆಗೆ ಅಪರೂಪಕ್ಕೆ ಕಾಲಿಡುವ ನನ್ನಂಥವನಿಗೆ ಕೆಲಸ ಬಿಟ್ಟೇಳಲು ಅಷ್ಟೇ ನೆಪ ಸಾಕು. ಆದರೆ ಕೊಯಮತ್ತೂರು ಬಳಿಯ ಕಿಣತ್ತುಕಡವಿನ, ಕನ್ನಡಕ್ಕೆ ತಮಿಳು ಬೆರೆಸಿ ಮಾತಾಡುವ ದೊಡ್ಡಮ್ಮ ನೆನಪಾದರು.

ಅಲ್ಲಿ ದೊಡ್ಡಪ್ಪನದು ಅರ್ಧ ಎಕರೆ ಬದನೆ. ಹುಳ ಕೊರೆದು ಒಂದು ಕುಡಿ ಬಾಡಿದ್ದು ಕಂಡರೆ ಸಾಕು, ಬೆನ್ನಿಗೆ ಪಂಪು ಏರಿಸಿ ಮದ್ದು ಹೊಡೆಯಲು ಹೊರಡುವರು. ಮನೆಯವರಿಗೆಂದು ಮಾತ್ರ ಮೂಲೆಯಲ್ಲಿ ಎರಡು ಸಾಲು, ಮದ್ದು ಸೋಕದ್ದು. ನಮ್ಮ ಕಡೆ ಇದು ಯಾರೂ ಬಾಯಿಬಿಟ್ಟು ಹೇಳದ ಪದ್ಧತಿ. ಒಂದು ದಿನ ದೊಡ್ಡಮ್ಮ ಹಟ ಹಿಡಿದರು.

"ಊರಿಗೊಂದು, ನಮಗೊಂದಾ? ಸಂತೆಗೆ ಹೋಗೋ ಕಾಯ್ನೇ ನಾನೂ ತಿನ್ನಂಗಿರಬೇಕು. ಇಲ್ಲಾಂದ್ರೆ ಈ ಮನೇಲಿ ಕತ್ತರಿಕಾಯೇ ವೇಂಡಾ."

ಬದನೆ ಬೆಳೆಯುವ ಮನೆಯಲ್ಲಿ ಬದನೆ ಬೇಯುವುದು ನಿಂತಿತು. ಎಣ್ಣೆಗಾಯಿಗೆ ಪ್ರಾಣ ಬಿಡುವ ದೊಡ್ಡಪ್ಪ ದಿನಾ ಸೋರೆಕಾಯಿ ಸಾರು ಉಂಡು ಮುಖ ಊದಿಸಿಕೊಂಡರು.

ಆಗಷ್ಟೇ ಕೃಷಿ ಓದು ಮುಗಿಸಿದ್ದ ಅರೆಬೆಂದ ಜ್ಞಾನಿ ನಾನು. ನಡುವೆ ಬಾಯಿ ಹಾಕಿದೆ. ಹುಳದ ಮೊಟ್ಟೆಯೊಳಗೇ ಮೊಟ್ಟೆಯಿಟ್ಟು ಅದನ್ನು ಮುಗಿಸುವ ಪುಟಾಣಿ ಕಣಜಗಳಿವೆ (ಹೆದರಬೇಡಿ, ಇವು ಕಚ್ಚುವುದಿಲ್ಲ). ಅವು ಒಳಗೆ ಬೆಳೆಯುತ್ತಿರುವ ಮೊಟ್ಟೆಗಳನ್ನು ಅಂಟಿಸಿದ ಕಾರ್ಡು ಸಿಗುತ್ತದೆ, ಎಲೆಗೆ ಕಟ್ಟಿದರಾಯಿತು ಎಂದೆ.

"ಈ ಒಂದ್ ಬೆಳೆ ನೋಡ್ತೀನಿ ಕಣ್ಣು. ಆಮೇಲೆ ನನ್ ಮರುಂದು ನನಗೆ" ಎಂದರು ದೊಡ್ಡಪ್ಪ. ಮರುಂದು ಎಂದರೆ ಮದ್ದು, ಕಣ್ಣು ಎಂದರೆ ಮುದ್ದಿನ ನಾನು. ಕಾರ್ಡು ತಂದು ದೊಡ್ಡಮ್ಮನ ಕೈಗಿಟ್ಟು, ದೊಡ್ಡ ಮನುಷ್ಯನ ಗತ್ತಿನಲ್ಲಿ ಕೊಯಮತ್ತೂರಿಗೆ ಮರಳಿದೆ.

ಆ ಮನೆಗೆ ಬಿತ್ತನೆ ಬೀಜವೇ ಬರಲಿ, ಕುಡುಗೋಲೇ ಬರಲಿ, ಶುಕ್ರವಾರದ ಪೂಜೆಯಾಗದೆ ತೋಟಕ್ಕೆ ಇಳಿಯುವಂತಿಲ್ಲ. ಅದನ್ನು ನಾನು ಮರೆತಿದ್ದೆ. ಶುಕ್ರವಾರ ಹೋಗಿ ನೋಡಿದರೆ ಪೂಜೆಗೆಂದು ಇಟ್ಟ ಕಾರ್ಡಿನಿಂದ ಕಣಜಗಳೆಲ್ಲ ದೇವರ ಕೋಣೆಯಲ್ಲೇ ಹುಟ್ಟಿ, ಪಟದ ಗಾಜಿನ ಮೇಲೆ ಸಾಸಿವೆಗಿಂತ ಸಣ್ಣ ಚುಕ್ಕಿಗಳಾಗಿ ಓಡಾಡುತ್ತಿದ್ದವು.

"ಜೀವ ಇರೋದು ಅಂತ ಮೊದ್ಲೇ ಹೇಳ್ಬಾರ್ದಾ ಕಣ್ಣು?" ಎಂದ ದೊಡ್ಡಮ್ಮನ ಕಣ್ಣು ತುಂಬಿತ್ತು. ತಪ್ಪು ನನ್ನದೇ. ನಾಚಿಕೆಯಾಯಿತು.

ಎರಡನೆಯ ಕಾರ್ಡು ಬಂದಾಗ ದೊಡ್ಡಮ್ಮ ಶುಕ್ರವಾರಕ್ಕೆ ಕಾಯಲಿಲ್ಲ. ಗಿಡಕ್ಕೇ ಕುಂಕುಮವಿಟ್ಟು ಅಲ್ಲೇ ಕಟ್ಟಿದರು. ದಿನಾ ಬಾಡಿದ ಕುಡಿ ಚಿವುಟಿ ಸುಟ್ಟರು, ಬೇವಿನ ಬೀಜದ ಕಷಾಯ ಹೊಡೆಸಿದರು. ಹುಳ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ನಡುವೆ ಅದು ಮತ್ತೆ ಏರಿದಾಗ ದೊಡ್ಡಪ್ಪ ಒಂದೇ ಒಂದು ಸಲ ಮದ್ದು ಹೊಡೆದರು, ಅದೂ ಹೆಂಡತಿಯನ್ನು ಕೇಳಿ. ಮದ್ದಿನ ಡಬ್ಬದ ಮೇಲೆ ಬರೆದಷ್ಟು ದಿನ ಯಾರೂ ಕಾಯಿ ಕೀಳಲಿಲ್ಲ.

ಕೊಯ್ದ ದಿನ ದೊಡ್ಡಮ್ಮ ಸಂತೆಯ ಬುಟ್ಟಿಗೇ ಕೈಹಾಕಿ, ಆರಿಸದೆ ನಾಲ್ಕು ಕಾಯಿ ತೆಗೆದರು. ಒಂದರಲ್ಲಿ ಹುಳವಿತ್ತು. ನಾನೂ ದೊಡ್ಡಪ್ಪನೂ ಅವರ ಕೈಯನ್ನೇ ನೋಡಿದೆವು. ದೊಡ್ಡಮ್ಮ ಆ ಭಾಗವನ್ನಷ್ಟೇ ಕತ್ತರಿಸಿ ಎಸೆದು, ಉಳಿದದ್ದನ್ನು ಬಾಣಲೆಗೆ ಹಾಕಿದರು.

"ಇದು ತಿಂದು ಬದುಕೈತಲ್ಲ, ನಾವೂ ತಿನ್ನಬೋದು."

ಅಂಥ ಎಣ್ಣೆಗಾಯಿಯನ್ನು ನಾನು ಮತ್ತೆಲ್ಲೂ ಉಂಡಿಲ್ಲ.

ಇವತ್ತು ನಾನೂ ಹುಳ ತಿಂದಷ್ಟನ್ನು ಕತ್ತರಿಸಿ ಉಳಿದದ್ದನ್ನು ಎಣ್ಣೆಗೆ ಹಾಕಿದೆ. ಊಟಕ್ಕೆ ಕುಳಿತ ಹೆಂಡತಿಗೆ ಹುಳದ ವಿಷಯವನ್ನು ಮೊದಲೇ ಹೇಳಿ, ಆಮೇಲೆ ಬಡಿಸಿದೆ. ಅವಳು ತಟ್ಟೆಯನ್ನೊಮ್ಮೆ ನೋಡಿದಳು, ನನ್ನನ್ನೊಮ್ಮೆ ನೋಡಿದಳು, ಇನ್ನೊಂದು ಸೌಟು ಹಾಕು ಎಂದಳು.