ಮುಕ್ಕಾಲು ಗಂಟೆಯ ಹುಬ್ಬಳ್ಳಿ

ಮುಂಬೈ ಪಕ್ಕದ ಮಹಾಪೆಯ ಆಫೀಸಿನಲ್ಲಿ ವಿಮಾನ ಟಿಕೆಟಿನ ವೆಬ್‌ಸೈಟ್ ಪರೀಕ್ಷಿಸುವುದು ನನ್ನ ಕೆಲಸವಾಗಿತ್ತು. ಒಂದು ದಿನ ಮಂಗಳೂರಿನಿಂದ ಹುಬ್ಬಳ್ಳಿಗೆ ಟಿಕೆಟ್ ಕೇಳಿದೆ. ನೇರ ಹಾರಿದರೆ ಮುಕ್ಕಾಲು ಗಂಟೆ ಎಂದಿತು. ಕೊಟ್ಟ ಟಿಕೆಟ್ ಮಾತ್ರ ಮುಂಬೈ ಮೂಲಕ, ಏಳು ಗಂಟೆ! ಸಿಟ್ಟಿನಲ್ಲಿ ‘ದೊಡ್ಡ ತಪ್ಪು’ ಎಂದು ವರದಿ ಬರೆದೆ.

ಸಂಜೆ ನಾನಿರುವ ಡೊಂಬಿವಲಿಯ ಸ್ಟೇಷನ್ ಎದುರಿನ ಹೋಟೆಲಿನಲ್ಲಿ, ಗಲ್ಲಾದಲ್ಲಿ ಕೂತಿದ್ದ ಉಡುಪಿಯ ಭಟ್ಟರಿಗೂ ಹೇಳಿದೆ. “ಇಷ್ಟು ಸುತ್ತಿಕೊಂಡು ಹೋಗೋ ದಡ್ಡರು ಯಾರಿದ್ದಾರೆ ಭಟ್ರೇ?”

“ನೀವು ಬೆಳಿಗ್ಗೆ ಆಫೀಸಿಗೆ ಹೋಗುವುದು ಹೇಗೆ ಮಾರಾಯ್ರೆ?”

“ಇಲ್ಲಿ ರೈಲಲ್ಲಿ ಸೀಟು ಸಿಗಲ್ವಲ್ಲ. ಮೊದಲು ಹಿಂದಕ್ಕೆ, ರೈಲು ಹೊರಡೋ ಕಲ್ಯಾಣಕ್ಕೆ ಹೋಗಿ, ಅಲ್ಲಿ ಸೀಟು ಹಿಡಿದು...”

ಭಟ್ಟರು ನಗಲಿಲ್ಲ, ಚಹಾ ಮುಂದೆ ತಳ್ಳಿದರು.

ಮರುದಿನವೂ ಕಲ್ಯಾಣದಲ್ಲೇ ಕಿಟಕಿ ಸೀಟು ಹಿಡಿದೆ. ರೈಲು ಮತ್ತೆ ಡೊಂಬಿವಲಿಗೆ ಬಂದು ನಿಂತಾಗ, ವರದಿ ವಾಪಸು ತೆಗೆದುಕೊಳ್ಳುವುದೆಂದು ನಿಶ್ಚಯಿಸಿದೆ. ವಿಮಾನವಾದರೂ ಹೊರಟ ಊರನ್ನು ಮತ್ತೆ ತೋರಿಸುವುದಿಲ್ಲ.