ನಾನು ಮುಚ್ಚಿಟ್ಟ ಬಟ್ಟೆಗಳ್ಳ

ಹೊಸ ಬಟ್ಟೆಯ ಗಂಜಿ ವಾಸನೆಗೆ ನಿಮಗೆಲ್ಲ ಹಬ್ಬ ನೆನಪಾಗಬಹುದು. ನನಗೆ ತಲೆ ತಗ್ಗುತ್ತದೆ. ಮೊನ್ನೆ ಬೊಮ್ಮನಹಳ್ಳಿಯ ಗಲ್ಲಿಯೊಂದರಲ್ಲಿ ಟೈಲರ್ ಅಂಗಡಿ ಹುಡುಕಿಕೊಂಡು ಹೋಗಿದ್ದೆ. ವಯಸ್ಸಾದಂತೆ ನಾನು ಕುಗ್ಗುತ್ತಿದ್ದೇನೆ, ಪ್ಯಾಂಟುಗಳು ಕುಗ್ಗುತ್ತಿಲ್ಲ. ಉದ್ದ ಕಡಿಮೆ ಮಾಡಿಸಬೇಕಿತ್ತು. ಒಳಗೆ ಕಾಲಿಟ್ಟೊಡನೆ ಆ ವಾಸನೆ ಬಂತು. ಅದರ ಹಿಂದೆಯೇ ಮಿಷನ್ನಿನ ಮುಂದೆ ಕೂತಿದ್ದವಳ ದನಿ: "ಬನ್ನಿ ಸಾರ್, ಕೂತ್ಕಳಿ. ಗುರ್ತು ಸಿಕ್ತಾ?"

ಸಿಗದೆ ಏನು! ಜಯಮ್ಮ. ಕುರ್ಚಿಯಲ್ಲೇ ಕೂತೆ, ಆದರೆ ಮುಳ್ಳಿನ ಮೇಲೆ ಕೂತ ಹಾಗಾಯಿತು.

ಹದಿನೇಳು ಹದಿನೆಂಟು ವರ್ಷದ ಹಿಂದೆ ನಾನು ಹೊಸೂರು ರಸ್ತೆಯ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಫ್ಲೋರ್ ಇನ್‌ಚಾರ್ಜ್. ಇನ್ನೂರು ಹೆಣ್ಣುಮಕ್ಕಳು ಹೊಲಿಯುತ್ತಿದ್ದರು, ನಾನೊಬ್ಬ ಕೂಗಾಡುತ್ತಿದ್ದೆ. ಸಂಜೆ ಗಂಟೆ ಹೊಡೆದರೆ ಗೇಟಿನಲ್ಲಿ ತಪಾಸಣೆ. ಸಾಲಾಗಿ ನಿಂತು ಬ್ಯಾಗು ಬಿಚ್ಚಬೇಕು, ಊಟದ ಡಬ್ಬಿಯ ಮುಚ್ಚಳ ತೆಗೆದು ತೋರಿಸಬೇಕು. ಹೊಸದರಲ್ಲಿ ನನಗೂ ಅಸಹ್ಯವಾಗುತ್ತಿತ್ತು. ಆಮೇಲೆ ಅಭ್ಯಾಸವಾಯಿತು. ಇನ್ನೂ ಆಮೇಲೆ, ಹೇಳಲು ನಾಚಿಕೆ, ಅದೇ ನನ್ನ ದಿನದ ಗತ್ತಿನ ಗಳಿಗೆಯಾಯಿತು.

ಒಂದು ಸಂಜೆ, ಅತ್ತಿಬೆಲೆ ಕಡೆಯಿಂದ ಕೆಲಸಕ್ಕೆ ಬರುತ್ತಿದ್ದ ಜಯಮ್ಮನ ಡಬ್ಬಿಯಲ್ಲಿ ಒಂದು ತುಂಡು ಬಟ್ಟೆ ಸಿಕ್ಕಿತು. ಹೂವಿನ ಬಟ್ಟೆ, ಮೊಳದಷ್ಟು. ಕಟಿಂಗ್ ಮೇಜಿನಿಂದ ಬಿದ್ದು ಚಿಂದಿಯ ಮೂಟೆಗೆ ಹೋಗುವಂಥದು. "ಮಗೀನ ಫ್ರಾಕಿಗೆ ಜೇಬು ಇಕ್ಕಾನ ಅಂತ ಸಾರ್... ಎಸೆಯೋದೇ ಅಲ್ವಾ" ಎಂದಳು. ಒಂದು ಮಾತು ಗದರಿ ಕಳಿಸಬಹುದಿತ್ತು. ನಾನು ಆ ತುಂಡನ್ನು ಅವಳ ಕೈಯಲ್ಲೇ ಎತ್ತಿ ಹಿಡಿಸಿ, ಇನ್ನೂರು ಜನವೂ ಹೊರಗೆ ಹೋಗುವವರೆಗೆ ಗೇಟಿನ ಪಕ್ಕ ನಿಲ್ಲಿಸಿದೆ. ಉಳಿದವರಿಗೆ ಬುದ್ಧಿ ಬರಲಿ ಅಂತ. ಆಮೇಲೆ ಅವಳ ಐಡಿ ಕಾರ್ಡು ಕಿತ್ತುಕೊಂಡು, ನಾಳೆಯಿಂದ ಕೆಲಸಕ್ಕೆ ಬರಬೇಡ ಎಂದು ಮನೆಗೆ ಕಳಿಸಿದೆ.

ತಿಂಗಳಾಗಿತ್ತೋ ಇಲ್ಲವೋ, ನಮ್ಮ ಅಂಗಿಗಳನ್ನು ಕೊಳ್ಳುವ ಆಸ್ಟ್ರೇಲಿಯಾದ ಮುದುಕರೊಬ್ಬರು ಕಾರ್ಖಾನೆ ನೋಡಲು ಬಂದರು. ಅವರ ಮಾತನ್ನು ಕನ್ನಡದಲ್ಲಿ ಹೇಳುವ ಕೆಲಸ ನನ್ನ ಕೊರಳಿಗೆ ಬಿತ್ತು. ನನ್ನ ಇಂಗ್ಲಿಷು ಎಂಥದೆಂದು ಕೇಳಬೇಡಿ. ಹಾಳೂರಿಗೆ ಉಳಿದವನೇ ಗೌಡ. ಮುದುಕರು ಮಿಷನ್ನುಗಳ ನಡುವೆ ನಿಂತು ತಮ್ಮ ವಂಶದ ಕತೆ ಶುರುಮಾಡಿದರು.

ಅವರ ಮುತ್ತಜ್ಜನ ತಂದೆ ಇಂಗ್ಲೆಂಡಿನ ಬಡ ನೇಕಾರನಂತೆ. ಒಂದು ಚಳಿಗಾಲ ಅಂಗಡಿಯಿಂದ ಎರಡು ಗಜ ಬಟ್ಟೆ ಕದ್ದು ಸಿಕ್ಕಿಬಿದ್ದ. ಏಳು ವರ್ಷ ಗಡೀಪಾರು; ಆಗೆಲ್ಲ ಇಂಗ್ಲೆಂಡಿನ ಕೈದಿಗಳನ್ನು ಆಸ್ಟ್ರೇಲಿಯಾಕ್ಕೆ ಸಾಗಿಸುತ್ತಿದ್ದರಂತೆ. ಕಾಲಿಗೆ ಸರಪಳಿ, ತಿಂಗಳುಗಟ್ಟಲೆ ಹಡಗಿನ ತಳದ ಕತ್ತಲೆ. ಆಸ್ಟ್ರೇಲಿಯಾದಲ್ಲಿ ರಸ್ತೆಗೆ ಕಲ್ಲು ಒಡೆದ, ಎದುರು ಮಾತಾಡಿದ್ದಕ್ಕೆ ಚಾಟಿಯೇಟು ತಿಂದ, ಆಮೇಲೆ ಯಾರದೋ ಜಮೀನಿನಲ್ಲಿ ಕುರಿ ಕಾಯ್ದ. ಶಿಕ್ಷೆ ಮುಗಿದರೂ ಊರಿಗೆ ಮರಳುವ ದಾರಿಯಿರಲಿಲ್ಲ. ತಾಯಿಯ ಮುಖವನ್ನು ಮತ್ತೆ ನೋಡಲಿಲ್ಲ. ಅಲ್ಲೇ ಮದುವೆಯಾಗಿ ದರ್ಜಿ ಅಂಗಡಿ ಇಟ್ಟ. ಬೆನ್ನಿನ ಮೇಲಿನ ಚಾಟಿಯ ಕಲೆ ಮಕ್ಕಳಿಗೆ ಕಾಣಬಾರದೆಂದು ಸುಡುಬೇಸಿಗೆಯಲ್ಲೂ ಅಂಗಿ ಬಿಚ್ಚುತ್ತಿರಲಿಲ್ಲವಂತೆ. ನಾವಿಕನಾಗಿ ಬಂದೆ ಎಂದೇ ಹೇಳಿಕೊಂಡು ಸತ್ತ. ಮೂರು ತಲೆಮಾರು ಅದನ್ನೇ ನಂಬಿತು.

"ಅವನ ಶಿಕ್ಷೆಯ ಕಾಗದ ಹುಡುಕಿ ತೆಗೆದವನು ನಾನು. ಈಗ ಅದಕ್ಕೆ ಕಟ್ಟು ಹಾಕಿಸಿ ನಮ್ಮ ಹಜಾರದ ಗೋಡೆಗೆ ತೂಗುಹಾಕಿದ್ದೇನೆ" ಎಂದು ಮುಗಿಸಿ, ಇವರಿಗೆಲ್ಲ ಹೇಳು ಎಂದು ನನಗೆ ಕಣ್ಣಲ್ಲೇ ಸನ್ನೆ ಮಾಡಿದರು.

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಮೂರನೇ ಸಾಲಿನಲ್ಲಿ ಜಯಮ್ಮನ ಮಿಷನ್ನು ಖಾಲಿ ಇತ್ತು. "ಇವರ ಹಿರಿಯರು ಬಟ್ಟೆ ವ್ಯಾಪಾರಕ್ಕೆ ಹಡಗು ಹತ್ತಿ ಹೋದ್ರಂತೆ. ನಿಯತ್ತಾಗಿ ದುಡಿದು ಮೇಲೆ ಬಂದ್ರಂತೆ. ನೀವೂ ಹಾಗೇ ದುಡೀಬೇಕಂತೆ" ಎಂದುಬಿಟ್ಟೆ. ಹೆಂಗಸರು ಚಪ್ಪಾಳೆ ತಟ್ಟಿದರು. ತಮ್ಮ ಕಳ್ಳ ಹಿರಿಯನಿಗೆ ಇಷ್ಟು ಮರ್ಯಾದೆ ಸಿಕ್ಕಿತಲ್ಲ ಎಂದು ಮುದುಕರ ಕಣ್ಣು ತುಂಬಿತು, ಕೈಮುಗಿದರು. ಅತಿಥಿಯ ಮಾನ ಕಾಪಾಡಿದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ನಾನು ಕಾಪಾಡಿಕೊಂಡದ್ದು ನನ್ನ ಮಾನ.

ಇಷ್ಟನ್ನೂ ಮೊನ್ನೆ ಜಯಮ್ಮನ ಮುಂದೆ ಹೇಳಿದೆ. ತಪ್ಪಾಯಿತು ಎಂದೂ ಹೇಳಿದೆ. ಹೇಳುತ್ತ ಹೇಳುತ್ತ ದನಿ ಏರಿತೇನೋ. ತಪ್ಪೊಪ್ಪಿಕೊಳ್ಳುವಾಗಲೂ ನನಗೆ ಕೂಗಾಡುವ ಅಭ್ಯಾಸ. ಅವಳು ಮಿಷನ್ನಿನ ಚಕ್ರ ಹಿಡಿದು ನಿಲ್ಲಿಸಿದಳು.

"ಆ ಯಪ್ಪ ಕಾಗ್ದಾನ ಗ್ವಾಡೆಗೆ ಆಕವ್ರೆ, ಸರಿ. ಅವ್ರಿಗೆ ಮೂರು ನಾಕು ತಲೆ ದಾಟೋಗೈತೆ. ನಮ್ಮನೇಲಿ ಇನ್ನೂ ಒಂದೂ ದಾಟಿಲ್ಲ ಸಾರ್. ಒಳಗೆ ಮಗ್ಳವ್ಳೆ. ನಾನ್ಯಾಕೆ ಕೆಲ್ಸ ಬಿಟ್ಟೆ ಅಂತ ಅವ್ಳಿಗೆ ಗೊತ್ತಿಲ್ಲ. ವಸಿ ಮೆಲ್ಲಗೆ ಮಾತಾಡಿ."

ಅಷ್ಟರಲ್ಲಿ ಮಗಳೇ ಟೇಪು ಹಿಡಿದು ಹೊರಗೆ ಬಂದಳು. ಇಪ್ಪತ್ತರ ಹುಡುಗಿ. "ಯಾರಮ್ಮ ಇವ್ರು?"

"ನಮ್ ಗಾರ್ಮೆಂಟ್ಸಲ್ಲಿ ಇನ್‌ಚಾರ್ಜ್ ಸಾರು ಕಣವ್ವ. ಬೋ ಒಳ್ಳೇರು. ನಂಗೆ ಕೆಲ್ಸ ಕಲ್ಸಿದ್ದು ಇವ್ರೇಯ" ಎಂದಳು ಜಯಮ್ಮ, ನನ್ನ ಮುಖ ನೋಡದೆ.

ಹುಡುಗಿ ಬಗ್ಗಿ ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ನಾನು ಎದ್ದು ನಿಂತೆ, ಅವಳು ಹಾಗೆಯೇ ಮಂಡಿಯೂರಿ ಅಳತೆ ತೆಗೆಯತೊಡಗಿದಳು. "ನೆಟ್ಟಗೆ ನಿಂತ್ಕೊಳಿ ಸಾರ್, ತಲೆ ಬಗ್ಗಿಸಿದ್ರೆ ಅಳತೆ ತಪ್ಪುತ್ತೆ" ಎಂದಳು. ಎರಡು ಸಲ ಹೇಳಿದಳು. ನನ್ನಿಂದಾಗಲಿಲ್ಲ. ಪ್ಯಾಂಟು ಒಂದಿಂಚು ಗಿಡ್ಡವಾಗಿಯೇ ಬಂದಿದೆ. ಅದನ್ನೇ ಹಾಕಿಕೊಂಡು ಓಡಾಡುತ್ತಿದ್ದೇನೆ.